ಗುಗ್ಗೆಯೋ, ಕಿವುಡೋ

ಕೊಳಾಲದ ಹತ್ತಿರದ ಒಂದು ಹಳ್ಳಿ ಶಾಲೆಗೆ ಟೀಚರ್ ಆಗಿ ಸೇರಿದ ಮೊದಲ ವರ್ಷ, ಬೇಸಿಗೆ ರಜಕ್ಕೆ ಊರಿಗೆ ಹೊರಟಿದ್ದೆ. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಕೊರಟಗೆರೆಗೆ ಬಂದು ಮಧುಗಿರಿ ಬಸ್ಸು ಹತ್ತಬೇಕು, ಮಧುಗಿರಿಯಲ್ಲಿ ಶಿರಾ ಬಸ್ಸಿಗೆ ಕಾಯಬೇಕು, ಶಿರಾದಲ್ಲಿ ಬುಕ್ಕಾಪಟ್ಟಣದ ಕಡೆ ಹೋಗುವ ಬಸ್ಸು ಸಿಕ್ಕರೆ ಪುಣ್ಯ. ನಮ್ಮ ಹಟ್ಟಿ ಆ ದಾರಿಯಲ್ಲೇ, ಬಸ್ಸಿಳಿದು ಕಾರೆ ಪೊದೆಗಳ ನಡುವೆ ಒಂದಿಷ್ಟು ದೂರ ಒಳಗಿತ್ತು. ನಾನು ಹೋಗಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು.

ಅಪ್ಪ ಜಗುಲಿಯ ಮೇಲೆ ಆ ಕಡೆಗೆ ಮುಖ ಮಾಡಿ ಕೂತು ಉಣ್ಣೆ ನೂಲುತ್ತಿದ್ದ. ಬ್ಯಾಗು ಇಳಿಸಿ "ಅಪ್ಪಾ" ಅಂದೆ. ತಿರುಗಲಿಲ್ಲ. ಇನ್ನೊಂದು ಸಲ ಕೂಗಿದೆ. ಕದಿರು ತಿರುಗುತ್ತಲೇ ಇತ್ತು, ಅಪ್ಪನ ಬೆನ್ನು ಅಲುಗಲಿಲ್ಲ. ನಾನೇನೋ ತಪ್ಪು ಮಾಡಿದ್ದೇನೆ, ಅದಕ್ಕೇ ಮುನಿಸಿಕೊಂಡಿದ್ದಾನೆ ಅನ್ನಿಸಿತು. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ಕೂಗ್ಬ್ಯಾಡ ಕಣಮ್ಮ, ಬೀದಿಯೋರಿಗೆ ಕೇಳುಸ್ತದೆ. ಮುಂದಕ್ಕೋಗಿ ನಿಂತ್ಕೊ, ನೋಡ್ತನೆ."

"ಯಾಕವ್ವ, ಏನಾಯ್ತು?"

"ನಿಮ್ಮಪ್ಪಂಗೆ ಕಿವಿ ಕೇಳ್ಸಲ್ಲ" ಅಂದಳು ಅವ್ವ. ಎಷ್ಟು ಮೆಲ್ಲಗೆ ಅಂದಳೆಂದರೆ, ನನಗೇ ಸರಿಯಾಗಿ ಕೇಳಿಸಲಿಲ್ಲ.

ನಾನು ಹೋಗಿ ಎದುರಿಗೆ ನಿಂತೆ. ಅಪ್ಪ ತಲೆಯೆತ್ತಿ ನೋಡಿದವನು ಮುಖ ಅರಳಿಸಿ, "ಓ, ಈಗ್ ಬಂದ್ಯೇನವ್ವ" ಅಂದ. ಮೊದಲೆಲ್ಲ ಹಟ್ಟಿಯ ಆ ತುದಿಗೆ ಕೇಳುವಂತೆ ಮಾತಾಡುತ್ತಿದ್ದವನ ಗಂಟಲು ಈಗ ಬಾವಿಯೊಳಗಿನಿಂದ ಬಂದಂತಿತ್ತು. ತನ್ನ ಮಾತು ತನಗೆ ತಲೆಯೊಳಗೆ ಗುಂಯ್ ಅನ್ನುತ್ತದೆ, ಅದಕ್ಕೆ ಅಷ್ಟು ಸಣ್ಣಗೆ ಮಾತಾಡುತ್ತಾನೆ ಅಂತ ಅವ್ವ ಆಮೇಲೆ ಹೇಳಿದಳು.

ಯುಗಾದಿಗೆ ಎಣ್ಣೆ ನೀರು ಹಾಕಿಕೊಂಡ ಮಾರನೆಯ ದಿನದಿಂದ ಶುರುವಂತೆ. ಹಿಂದೆಯೂ ಒಂದೊಂದು ಸಲ ಕಿವಿ ಮುಚ್ಚಿಕೊಂಡು, ಆಕಳಿಸಿದರೆ ಬಿಟ್ಟುಕೊಳ್ಳುತ್ತಿತ್ತು. ಈ ಸಲ ಬಿಡಲಿಲ್ಲ. ಮೊದಲು ಮಂದವಾಯಿತು, ಆಮೇಲೆ ಪೂರ್ತಿ ಮುಚ್ಚಿಕೊಂಡಿತು. ಅವ್ವ ಯಾರಿಗೂ ಹೇಳಿರಲಿಲ್ಲ. ಯಾರಾದರೂ ಮನೆಗೆ ಬಂದರೆ ತಾನೇ ಮುಂದೆ ಬಿದ್ದು ಮಾತಾಡುತ್ತಿದ್ದಳು, ಅಪ್ಪನ ಪರವಾಗಿ ಹೂಂ ಅನ್ನುತ್ತಿದ್ದಳು.

ಅವಳ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ನಮ್ಮ ತಾತನಿಗೂ ಹೆಚ್ಚುಕಮ್ಮಿ ಅಪ್ಪನ ಆಗಿನ ವಯಸ್ಸಿಗೇ ಕಿವಿ ಹೋಗಿತ್ತು. ನಾನು ಕಂಡಾಗ ತಾತ ಮನೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದ. ಮೊದಮೊದಲು ಎಲ್ಲರೂ ಕಿವಿಯ ಹತ್ತಿರ ಹೋಗಿ ಕೂಗಿ ಹೇಳುತ್ತಿದ್ದರಂತೆ. ಆಮೇಲೆ ಬರಿ ಕೈಸನ್ನೆ. ಕೊನೆಗೆ ಅದೂ ನಿಂತು, ಹೊತ್ತಿಗೆ ಸರಿಯಾಗಿ ಮುಂದೆ ತಟ್ಟೆ ಇಡುವುದೊಂದು ಉಳಿದಿತ್ತು. ಅಜ್ಜಿ ಸತ್ತ ದಿನ ಗಡಿಬಿಡಿಯಲ್ಲಿ ತಾತನಿಗೆ ಯಾರೂ ಹೇಳಿರಲಿಲ್ಲ. ಜನ ಸೇರಿದ್ದು ನೋಡಿ ತಾನೇ ಎದ್ದು ಬಂದು, ಎಲ್ಲರ ಮುಖ ಒಂದೊಂದಾಗಿ ನೋಡುತ್ತ, ಕೊನೆಗೆ ಹೆಣ ಕಂಡ. ಆ ದಿನ ತಾತ ಎಲ್ಲರ ಮುಖ ನೋಡಿದ ರೀತಿ ನನಗೆ ಚೆನ್ನಾಗಿ ನೆನಪಿತ್ತು. ಅಪ್ಪನಿಗಂತೂ ಇನ್ನೂ ಚೆನ್ನಾಗಿ ನೆನಪಿದ್ದಿರಬೇಕು.

ಅವ್ವನಿಗೆ ಇನ್ನೊಂದು ಚಿಂತೆಯೂ ಇತ್ತು. ಪಾವಗಡದ ಕಡೆಯಿಂದ ನನಗೊಂದು ಸಂಬಂಧದ ಮಾತು ಬಂದಿತ್ತು. "ತಾತಂಗೂ ಹೋಯ್ತು, ಅಪ್ಪಂಗೂ ಹೋಯ್ತು ಅಂದ್ರೆ ಏನಂತರೆ? ಇದು ಕಿವುಡ್ರ ಮನೆ, ಮಗೀಗೂ ಬತ್ತದೆ ಅನ್ನಲ್ವಾ?" ಅಂದಳು. ಹಾಗೆ ಅಂದ ಮೇಲೆ ನನಗೇ ಒಂದು ಭಯ ಹಿಡಿಯಿತು. ಕೈಗಡಿಯಾರ ಬಿಚ್ಚಿ ಒಂದು ಕಿವಿಗೆ ಹಿಡಿದು ನೋಡಿದೆ, ಇನ್ನೊಂದಕ್ಕೆ ಹಿಡಿದು ನೋಡಿದೆ. ಟಿಕ್ ಟಿಕ್ ಕೇಳಿಸಿತು. ಸ್ವಲ್ಪ ದೂರ ಹಿಡಿದೆ. ಅದೂ ಕೇಳಿಸಿತು. ಆ ರಜವೆಲ್ಲ, ಯಾರೂ ಇಲ್ಲದಾಗ, ಇದನ್ನು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ.

ಅಪ್ಪ ಹೆಂಗೆ ಕುರಿ ಕಾಯುತ್ತಿದ್ದಾನೆ ಎಂಬುದೇ ನನಗೆ ತಿಳಿಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವನ ಜೊತೆ ನಾನೂ ಹೊರಟೆ. ನಮ್ಮ ಕಡೆ ಕಾಡಿನಲ್ಲಿ ತೋಳ ಇತ್ತು. ಮರಿ ಒದರಿದ್ದು, ನಾಯಿ ಬೊಗಳಿದ್ದು ಕೇಳಿಸದಿದ್ದರೆ ಕುರಿ ಕಾಯಲು ಆಗುವುದಿಲ್ಲ. ಅಪ್ಪ ಹಿಂದೆಲ್ಲ ಮರದ ನೆರಳಲ್ಲಿ ಕೂತು ಕಣ್ಣು ಮುಚ್ಚಿಕೊಂಡೇ ಒದರಿದ್ದು ಯಾವ ಕುರಿ ಅಂತ ಹೇಳುತ್ತಿದ್ದ. ಈಗ ಕೂರುತ್ತಲೇ ಇರಲಿಲ್ಲ. ನಿಂತುಕೊಂಡು ಒಂದೇ ಸಮನೆ ಮಂದೆಯನ್ನು ನೋಡುತ್ತಿದ್ದ. ನಾಯಿ ಕಿವಿ ನಿಮಿರಿಸಿದರೆ ತಾನೂ ಆ ಕಡೆ ತಿರುಗುತ್ತಿದ್ದ. ಕುರಿಗಳು ಮೇಯುವುದು ಬಿಟ್ಟು ತಲೆ ಎತ್ತಿದರೆ ಓಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣುಗಳು ಕೆಂಪಗಾಗಿದ್ದವು. ಮುದ್ದೆ ಉಣ್ಣುವಾಗಲೂ ಕತ್ತು ತಿರುಗಿಸಿ ತಿರುಗಿಸಿ ಹಿಂದೆ ನೋಡುತ್ತಿದ್ದ.

ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸಿಕೊಳ್ಳುವ ಕಾಲ ಅದು. ಆ ವಾರ ಅಪ್ಪ ದೊಡ್ಡ ರೋಡಿನ ಆಚೆ ಒಬ್ಬರ ಹೊಲಕ್ಕೆ ಒಪ್ಪಿಕೊಂಡಿದ್ದ. ಬೆಂಗಳೂರಿನಿಂದ ಮೇಲಕ್ಕೆ ಹೋಗುವ ಲಾರಿಗಳೆಲ್ಲ ಆ ರೋಡಿನಲ್ಲೇ. ಆ ದಿನ ಸಂಜೆ ಕುರಿಗಳು ರೋಡು ದಾಟಿದವು. ಹಿಂದೆ ಉಳಿದ ಒಂದು ಕುಂಟು ಮರಿಯನ್ನು ಎತ್ತಿಕೊಳ್ಳಲು ಅಪ್ಪ ರೋಡಿನ ನಡುವೆ ಬಗ್ಗಿದ. ಅವನ ಬೆನ್ನ ಹಿಂದಿನಿಂದ ಲಾರಿ ಬಂತು. ಹಾರನ್ ಹೊಡೆಯುತ್ತಲೇ ಬಂತು. ಅಪ್ಪ ಮಾತ್ರ ಮರಿಯ ಕಾಲು ಸವರುತ್ತ ಬಗ್ಗಿಯೇ ಇದ್ದ. ಓಡಿಹೋಗಿ ಅವನ ಕಂಬಳಿ ಹಿಡಿದು ಎಳೆದೆ. ಇಬ್ಬರೂ ಮಣ್ಣಿಗೆ ಬಿದ್ದೆವು. ಲಾರಿಯ ಗಾಳಿ ಮುಖಕ್ಕೆ ಬಡಿದ ಮೇಲೇ ಅಪ್ಪನಿಗೆ ಗೊತ್ತಾದದ್ದು.

ಅವನು ಎದ್ದು ಕೂತು, ಮರಿಗೇನಾದರೂ ಆಯಿತೇ ಅಂತ ತಡವಿ ನೋಡಿದ. ಆಮೇಲೆ ನನ್ನ ಮುಖ ನೋಡಿ ಕೇಳಿದ: "ಆರನ್ ಹೊಡ್ದಿದ್ನೇನವ್ವ?"

ಹೌದು ಅಂತ ತಲೆಯಾಡಿಸಿದೆ. ಅಪ್ಪ ಮರಿಯನ್ನು ಹೆಗಲಿಗೆ ಹಾಕಿಕೊಂಡು ಮಂದೆಯ ಕಡೆ ನಡೆದ.

ಮನೆಗೆ ಬಂದ ಮೇಲೆ ಅವ್ವನಿಗೆ ಲಾರಿಯ ವಿಷಯ ಹೇಳಲು ಧೈರ್ಯ ಬರಲಿಲ್ಲ. ಬ್ಯಾಟರಿ ತಂದು, ಅಪ್ಪನನ್ನು ಒರಳಿನ ಮೇಲೆ ಕೂರಿಸಿ, ಕಿವಿಯ ಹಾಲೆ ಹಿಡಿದೆಳೆದು ಒಳಗೆ ಬೆಳಕು ಬಿಟ್ಟೆ. ಸುಟ್ಟ ಬೆಲ್ಲದ ಬಣ್ಣದ್ದು ಏನೋ ಒಳಗೆ ಗಟ್ಟಿಯಾಗಿ ಕೂತಿತ್ತು. ಇನ್ನೊಂದು ಕಿವಿಯಲ್ಲೂ ಅದೇ. ನನಗೆ ಕುಣಿಯುವಷ್ಟು ಸಂತೋಷವಾಯಿತು.

"ಅವ್ವಾ, ಗುಗ್ಗೆ ಕಟ್ಕಂಡದೆ. ಎರಡ್ರಾಗೂ. ಕಿವುಡಲ್ಲ, ಬರೀ ಗುಗ್ಗೆ."

ಅವ್ವ ಬ್ಯಾಟರಿ ಕಿತ್ತುಕೊಂಡು ತಾನೂ ನೋಡಿದಳು. ಪಕ್ಕದ ಮನೆಯಿಂದ ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಬಂದು ಅವಳೂ ನೋಡಿದಳು. ಅವಳಿಗೆ ಅಷ್ಟು ಹೊತ್ತಿಗೆ ವಿಷಯ ತಿಳಿದುಹೋಗಿತ್ತು. "ಇಷ್ಟೇಯಾ? ಇದುಕ್ಯಾಕೆ ಇಷ್ಟೊಂದು ಗಾಬ್ರಿ? ಕೊಡಿಲ್ಲಿ, ನಾನು ತಗ್ದಾಕ್ತೀನಿ" ಅಂತ ತನ್ನ ತುರುಬಿನಿಂದ ಪಿನ್ನು ಎಳೆದಳು.

ಬೇಡ ಅತ್ತೆ ಅಂದೆ. ನನ್ನ ಮಾತು ಅವಳು ಕೇಳಬೇಕಲ್ಲ. ಪಿನ್ನಿನ ಬಾಗಿದ ತುದಿಯನ್ನು ಬಲಗಿವಿಗೆ ಇಳಿಸಿ ಮೆಲ್ಲಗೆ ಕೆದಕಿದಳು. ಕಡಲೆ ಸಿಪ್ಪೆಯಷ್ಟು ಬಂತು. ಅತ್ತೆಗೆ ಉಮೇದು ಬಂದು ಇನ್ನೂ ಒಳಗೆ ಹಾಕಿದಳು. ಅಪ್ಪ "ಅಯ್ಯಪ್ಪಾ" ಅಂತ ತಲೆ ಕೊಸರಿಕೊಂಡು ಎದ್ದುಬಿಟ್ಟ. ಪಿನ್ನಿನ ತುದಿಯಲ್ಲಿ ರಕ್ತ ಇತ್ತು. ಸ್ವಲ್ಪವೇ, ಆದರೆ ಅವ್ವ ಅದನ್ನು ನೋಡಿ ಓಡಿಬಂದು ಅಪ್ಪನ ಕಿವಿಗೆ ಸೆರಗು ಒತ್ತಿ ಹಿಡಿದಳು. ಅತ್ತೆ ಪಿನ್ನನ್ನು ಸೆರಗಿಗೆ ಒರೆಸಿಕೊಂಡು, "ಒಳಕ್ಕೆ ಸರ್ಕೊಂತು ಕಣೆ" ಅಂತ ತಗ್ಗಿದ ದನಿಯಲ್ಲಿ ಹೇಳಿ ಹೊರಟುಹೋದಳು.

ಬ್ಯಾಟರಿ ಬಿಟ್ಟು ನೋಡಿದರೆ ಅವಳು ಹೇಳಿದ್ದು ನಿಜವೇ ಆಗಿತ್ತು. ಮೊದಲು ಬಾಗಿಲಲ್ಲಿದ್ದದ್ದು ಈಗ ಒಳಮನೆ ಸೇರಿತ್ತು.

ನಾಳೆಯೇ ಶಿರಾ ಆಸ್ಪತ್ರೆಗೆ ಹೋಗೋಣ ಅಂದೆ. ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ. ಅಪ್ಪ ಬೇಡ ಅಂದ. ಯಾಕೆ ಅಂದರೆ ಹೇಳಲಿಲ್ಲ. ಅವ್ವ ಗೋಗರೆದಳು, ಬೈದಳು, ಉಣ್ಣುವುದಿಲ್ಲ ಅಂದಳು. ಯಾವುದಕ್ಕೂ ಜಗ್ಗಲಿಲ್ಲ. ಸೂಜಿಗೆ ಹೆದರುತ್ತಾನೆ ಅಂತ ನಾನು ಅಂದುಕೊಂಡೆ. ಕುರಿ ಕೂಡುವ ರೊಪ್ಪದ ಬೇಲಿಗೆ ಮುಳ್ಳು ಕಟ್ಟುತ್ತಿದ್ದಾಗ ಅವನ ಪಕ್ಕ ಹೋಗಿ ಕೂತು, ಮತ್ತೆ ಕೇಳಿದೆ. ಆಗ ಅವನು ಮುಳ್ಳು ಕೆಳಗಿಟ್ಟು, ಅದೇ ಬಾವಿಯೊಳಗಿನ ದನಿಯಲ್ಲಿ ಹೇಳಿದ.

"ಈಗ ಗುಗ್ಗೆ ಅಂತ ಅನ್ಕಂಡಿವ್ನಿ. ಗುಗ್ಗೆ ತಗ್ಸಿದ್ ಮ್ಯಾಲೂ ಕೇಳ್ದಿದ್ರೆ? ಆಮ್ಯಾಕೆ ಏನಂತ ಅನ್ಕಳ್ಳಾನ?"

ಬ್ಯಾಟರಿ ಬಿಟ್ಟು ನೋಡಿದಾಗಿನಿಂದ ಕುಣಿದಾಡುತ್ತಿದ್ದ ನನಗೆ ಆ ಯೋಚನೆ ಬಂದೇ ಇರಲಿಲ್ಲ. ಕಿವಿಯಲ್ಲಿ ಗುಗ್ಗೆ ಇದೆ ಅಂದ ಮಾತ್ರಕ್ಕೆ ಅದರ ಹಿಂದಿರುವ ಕಿವಿ ಸರಿಯಿದೆ ಅಂತ ಯಾರು ಹೇಳಿದ್ದರು? ತಾತನ ಕಿವಿಯಲ್ಲೂ ಗುಗ್ಗೆ ಇದ್ದಿರಬಹುದಲ್ಲ. ಅಪ್ಪ ಆ ಲೆಕ್ಕಾಚಾರವನ್ನು ಯುಗಾದಿಯಿಂದಲೇ ಒಬ್ಬನೇ ಮಾಡುತ್ತ ಬಂದಿದ್ದ.

ಅವ್ವ ತನ್ನ ದಾರಿ ಹಿಡಿದಳು. ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಸೋಸಿ, ಆರಿಸಿ, ತನ್ನ ಮುಂಗೈ ಮೇಲೆ ಬಿಟ್ಟು ನೋಡಿ, ಹತ್ತಿ ಅದ್ದಿ ಅಪ್ಪನ ಕಿವಿಗೆ ಹಿಂಡಿದಳು. ನೋವಿರುವ ಬಲಗಿವಿಗೆ ಒಂದೊಂದೇ ಹನಿ ಬಿಡುತ್ತಿದ್ದಳು. ಅಪ್ಪ ಮಗುವಿನಂತೆ ಅವಳ ತೊಡೆಯ ಮೇಲೆ ತಲೆಯಿಟ್ಟು, ಒಂದು ಮಗ್ಗುಲಾಗಿ ಸುಮ್ಮನೆ ಮಲಗಿರುತ್ತಿದ್ದ. ಎಣ್ಣೆ ಹಾಕಿದ ಮೇಲೆ ಇದ್ದಬದ್ದ ಕೇಳಿಕೆಯೂ ಹೋಯಿತು. ಮೊದಲು ಕಿವಿಗೆ ಬಾಯಿಟ್ಟು ಕೂಗಿದರೆ ಒಂದಿಷ್ಟು ಕೇಳುತ್ತಿತ್ತು. ಈಗ ಅದೂ ಇಲ್ಲ. ಅವ್ವ ಗಾಬರಿಯಾಗಿ ನನ್ನ ಮೇಲೆ ಹರಿಹಾಯ್ದಳು: "ನೀನು ಬಂದು ಬ್ಯಾಟ್ರಿ ಬುಟ್ಟು ನೋಡ್ದಿದ್ರೆ ಇಷ್ಟಾದ್ರೂ ಇರ್ತಿತ್ತು." ಎಣ್ಣೆಯಲ್ಲಿ ನೆನೆದು ಗುಗ್ಗೆ ಉಬ್ಬಿದೆ, ಅದಕ್ಕೇ ಹೀಗೆ ಅಂತ ನಾನು ಅವಳಿಗೆ ಹೇಳಿದೆ. ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ.

ಕೊನೆಗೆ ಅಪ್ಪನೇ ಮನಸ್ಸು ಬದಲಾಯಿಸಿದ. ಕಾರಣ ಒಂದು ಮರಿ. ರೊಪ್ಪದ ಹಿಂದೆ ಬೇಲಿಗೆ ಕತ್ತು ಸಿಕ್ಕಿಕೊಂಡು, ಅವನು ಐದಾರು ಮಾರು ದೂರದಲ್ಲಿ ಇರುವಾಗಲೇ, ಒದರಿ ಒದರಿ ಸತ್ತುಹೋಯಿತು. ನಾನೂ ಅವ್ವನೂ ನೀರಿಗೆ ಹೋಗಿದ್ದೆವು. ಬಂದು ನೋಡಿದರೆ ಅಪ್ಪ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. "ಇಲ್ಲೇ ಇದ್ನಲ್ಲವ್ವ ನಾನು" ಅಂದ. ಆಮೇಲೆ, "ನಾಳೀಕೆ ಓಗಾನ ನಡಿ, ಏನಾಗ್ತದೋ ಆಗ್ಲಿ" ಅಂದ.

ಶಿರಾದಲ್ಲಿ ಬೆಳಿಗ್ಗೆಯೇ ಸಾಲು ಉದ್ದ ಇತ್ತು. ಅಪ್ಪ ಒಗೆದ ಅಂಗಿ ಹಾಕಿಕೊಂಡು, ಹೊಸ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಯಾರಾದರೂ ಬಾಯಿ ಅಲುಗಿಸಿದರೆ ತನ್ನನ್ನೇ ಕರೆದರೇನೋ ಅಂತ ನನ್ನ ಮುಖ ನೋಡುತ್ತಿದ್ದ. ನಮ್ಮ ಪಕ್ಕದಲ್ಲಿ ಬುರ್ಖಾದ ಮುದುಕಿಯೊಬ್ಬಳು ಕೂತಿದ್ದಳು. ನಾನು ಬೆರಳ ಉಗುರು ಕಚ್ಚುತ್ತಿದ್ದದ್ದು ನೋಡಿ, "ಘಬ್ರಾವ್ ನಕ್ಕೋ ಬೇಟಿ" ಅಂದಳು. ಆಮೇಲೆ ನನಗೆ ತಿಳಿಯಲಿಲ್ಲವೇನೋ ಅಂತ ಕನ್ನಡದಲ್ಲೇ, "ಎದರ್ಬ್ಯಾಡ ಮಗಾ, ಯಾರಿಗೆ ಉಸಾರಿಲ್ಲ?" ಅಂತ ಕೇಳಿದಳು. ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ ಅಂದೆ. ಎಷ್ಟು ದಿನದಿಂದ ಮನೆಯಲ್ಲಿ ಪಿಸುಗುಟ್ಟಿಕೊಂಡಿದ್ದ ಮಾತು ಅದು. ಗೊತ್ತಿಲ್ಲದ ಮುದುಕಿಗೆ ಜೋರಾಗಿ ಹೇಳಿದ ಮೇಲೆ ಉಸಿರಾಟ ಸ್ವಲ್ಪ ಸಲೀಸಾಯಿತು.

ಡಾಕ್ಟರು ವಯಸ್ಸಾದವರು. ಕಿವಿಯೊಳಗೆ ನೋಡಿ, "ಪಿನ್ನು ಹಾಕಿದ್ರಾ?" ಅಂದರು. ನಾನು ತಲೆ ತಗ್ಗಿಸಿದೆ. "ಬಲಗಡೆ ಗಾಯ ಒಣಗಿದೆ, ಪರವಾಗಿಲ್ಲ. ಎಣ್ಣೆ ಹಾಕಿದ್ದು ಒಳ್ಳೇದಾಯ್ತು, ಮೆತ್ತಗಾಗಿದೆ. ಎಣ್ಣೆಗೆ ಬೆಳ್ಳುಳ್ಳಿ ಗಿಳ್ಳುಳ್ಳಿ ಏನೂ ಬೇಡ ಅಷ್ಟೆ. ಯಾವತ್ತಾದರೂ ಕಿವಿ ಸೋರ್ತಿತ್ತಾ?" ಅಂತ ಕೇಳಿದರು. ಸೋರುವುದನ್ನು ಕೈಸನ್ನೆಯಲ್ಲಿ ತೋರಿಸಿ ಅಪ್ಪನನ್ನು ಕೇಳಿದೆ. ಇಲ್ಲ ಅಂತ ತಲೆಯಾಡಿಸಿದ.

ನರ್ಸಮ್ಮ ಅಪ್ಪನ ಹೆಗಲಿಗೆ ಟವೆಲ್ ಹಾಕಿ, ಕಿವಿಯ ಕೆಳಗೆ ಬಾಗಿದ ಸ್ಟೀಲ್ ತಟ್ಟೆ ಹಿಡಿದರು. ಡಾಕ್ಟರು ಉಗುರುಬೆಚ್ಚಗಿನ ನೀರನ್ನು ದೊಡ್ಡ ಪಿಚಕಾರಿಯಂಥದ್ದಕ್ಕೆ ಎಳೆದುಕೊಂಡು ಬಲಗಿವಿಗೆ ಬಿಟ್ಟರು. ಅಪ್ಪ ನನ್ನ ಕೈ ಹಿಡಿದುಕೊಂಡಿದ್ದ. ಬರಿಯ ನೀರು ವಾಪಸು ಬಂತು. ಇನ್ನೊಂದು ಸಲ. ಕಂದು ನೀರು. ಮತ್ತೆ ಬಿಟ್ಟಾಗ ಹುಣಸೆ ಬೀಜದಂಥದ್ದೊಂದು ಕರ್ರಗಿನ ಉಂಡೆ ತಪ್ಪನೆ ತಟ್ಟೆಗೆ ಬಿತ್ತು.

ಅಪ್ಪ ಬೆಚ್ಚಿಬಿದ್ದ. ಕತ್ತು ಎತ್ತಿ ಮೇಲೆ ನೋಡಿದ. ಮೇಲೆ ಫ್ಯಾನು ಕಿರಕಿರ ಅನ್ನುತ್ತಿತ್ತು. ಅಲ್ಲಿಯವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ. ಹೊರಗೆ ಯಾವುದೋ ಮಗು ಅಳುತ್ತಿತ್ತು. ಅಪ್ಪ ಬಾಗಿಲ ಕಡೆ ತಿರುಗಿದ.

"ಅಪ್ಪಾ" ಅಂದೆ, ಮಾಮೂಲಿ ದನಿಯಲ್ಲಿ.

"ಊಂ" ಅಂದ. ಅಂದವನು ತನ್ನ ದನಿ ಕೇಳಿ ತಾನೇ ನಕ್ಕ. ಕಣ್ಣಲ್ಲಿ ನೀರು ಬಂದಿತ್ತು, ನಗುತ್ತಲೂ ಇದ್ದ.

ಡಾಕ್ಟರು ಎಡಗಿವಿಗೆ ಬಂದರು. ಅಲ್ಲೂ ಉಂಡೆ ಬಿತ್ತು, ಇನ್ನೂ ದೊಡ್ಡದು. ನಾನು ಉಸಿರು ಬಿಟ್ಟೆ. ಉಳಿದದ್ದು ತೊಳೆಯಲೆಂದು ಇನ್ನೊಂದು ಸಲ ನೀರು ಬಿಟ್ಟಾಗ ಅಪ್ಪ ಸ್ಟೂಲಿನ ಮೇಲೆ ವಾಲಿದ. "ತಲೆ ಸುತ್ತದೆ ಬುದ್ದಿ, ಗಂಟ್ಲಿಗೆ ನೀರು ಬಂತು" ಅಂದ. ಡಾಕ್ಟರು ತಟ್ಟನೆ ನಿಲ್ಲಿಸಿದರು. ಅಪ್ಪನನ್ನು ಮಂಚದ ಮೇಲೆ ಮಲಗಿಸಿ, ಕಿವಿ ಒರೆಸಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಬಲಗಿವಿಯನ್ನು ನರ್ಸಮ್ಮನ ಬೆರಳಿನಿಂದ ಮುಚ್ಚಿಸಿ, ಎಡಗಡೆ ನಿಂತು ಮಾತಾಡಿಸಿದರು. ಅಪ್ಪ ಸೂರು ನೋಡುತ್ತ ಮಲಗಿದ್ದ. ಇನ್ನೂ ಜೋರಾಗಿ ಮಾತಾಡಿಸಿದರು. ಅಪ್ಪ ಸೂರನ್ನೇ ನೋಡುತ್ತಿದ್ದ.

ನನ್ನನ್ನು ಕಿಟಕಿಯ ಹತ್ತಿರ ಕರೆದರು. "ಎಡಗಡೆ ತಮಟೇಲಿ ಹಳೇ ತೂತು ಇದೆಯಮ್ಮ. ಬಾಲ್ಯದಲ್ಲಿ ಸೋರಿರಬೇಕು, ಅವರಿಗೇ ನೆನಪಿಲ್ಲ. ಆ ಕಿವಿ ಯಾವಾಗಲೋ ಹೋಗಿದೆ, ಬಲಗಡೆ ಚೆನ್ನಾಗಿ ಇದ್ದದ್ದಕ್ಕೆ ಗೊತ್ತಾಗಿಲ್ಲ ಅಷ್ಟೆ. ಇನ್ನು ಅದಕ್ಕೆ ನೀರಾಗಲಿ ಎಣ್ಣೆಯಾಗಲಿ ಹಾಕಲೇಬಾರದು. ಬೇಕಾದರೆ ಬೆಂಗಳೂರಿಗೆ ಬರೆದುಕೊಡ್ತೀನಿ."

"ಬಲಗಡೆ?" ಅಂದೆ.

"ಅದಕ್ಕೇನೂ ಆಗಿಲ್ಲ. ಗುಗ್ಗೆ ಅಷ್ಟೇ."

"ನಮ್ಮ ತಾತನಿಗೂ ಕಿವಿ ಹೋಗಿತ್ತು ಸಾರ್."

ಅವರು ಭುಜ ಕುಣಿಸಿದರು. "ನಿಮ್ಮ ತಾತನ ಕಿವಿ ನಾನು ನೋಡಿಲ್ಲವಲ್ಲಮ್ಮ."

ತಿರುಗಿ ನೋಡಿದರೆ ಅಪ್ಪ ಎದ್ದು ಕೂತು ನನ್ನ ಮುಖವನ್ನೇ ನೋಡುತ್ತಿದ್ದ. ಈಗ ಅವನಿಗೆ ಕೇಳಿಸುತ್ತಿತ್ತು, ಆದರೂ ಹಳೆಯ ಅಭ್ಯಾಸದಿಂದ ಮುಖವನ್ನೇ ಓದುತ್ತಿದ್ದ. ಮುಚ್ಚಿಡುವುದಕ್ಕೆ ಆಗಲಿಲ್ಲ. ಅವನ ಬಲಕ್ಕೆ ಹೋಗಿ ಕೂತು ಎಲ್ಲ ಹೇಳಿದೆ. ಎಡಗಿವಿ ಬರುವುದಿಲ್ಲ ಅಂದೆ. ಅಪ್ಪ ಎಡಗಿವಿಯನ್ನು ಒಂದು ಸಲ ಮುಟ್ಟಿ ನೋಡಿಕೊಂಡ.

"ಚಿಕ್ಕೋನಾಗಿದ್ದಾಗ ನಮ್ಮವ್ವ ಇದುಕ್ಕೆ ಯಾವ್ದೋ ಸೊಪ್ಪಿನ ರಸ ಬುಡೋಳು" ಅಂದ. "ಸೋರ್ತಿತ್ತು ಅಂತ ಕಾಣ್ತದೆ. ಮರ್ತೇ ಓಗಿತ್ತು." ಆಮೇಲೆ ಡಾಕ್ಟರ ಕಡೆ ತಿರುಗಿ, "ಇದೊಂದು ಇರ್ತದಲ್ವಾ ಬುದ್ದಿ?" ಅಂತ ಬಲಗಿವಿ ಹಿಡಿದು ಕೇಳಿದ.

"ಪಿನ್ನು ಕಡ್ಡಿ ಹಾಕದೆ ಇದ್ದರೆ ಇರುತ್ತೆ. ಮುಚ್ಚಿಕೊಂಡ ಹಾಗೆ ಆದರೆ ಇಲ್ಲಿಗೆ ಬನ್ನಿ, ಮನೇಲಿ ಏನೂ ಮಾಡಬೇಡಿ" ಅಂದರು.

ವಾಪಸು ಬರುವಾಗ ಬಸ್ಸಿನ ಸದ್ದಿಗೆ ಅಪ್ಪ ಮುಖ ಕಿವುಚಿ, ಬಲಗಿವಿಗೆ ಅಂಗೈ ಅಡ್ಡ ಹಿಡಿದುಕೊಂಡು ಕೂತಿದ್ದ. ಕಂಡಕ್ಟರು ಸೀಟಿ ಊದಿದಾಗಲೆಲ್ಲ ಬೆಚ್ಚುತ್ತಿದ್ದ. ಇಷ್ಟು ಗಲಾಟೆಯೊಳಗೆ ಎಲ್ಲರೂ ಹೆಂಗೆ ಇರುತ್ತಾರೆ ಅಂತ ಕೇಳಿದ.

ಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅಪ್ಪನ ಎದುರಿಗೆ ಬಂದು ಅವನ ಮುಖ ನೋಡಿದಳು. ಅಪ್ಪನೇ ಹೇಳಿದ: "ಒಂದು ಬಂತು. ಒಂದು ಇಲ್ಲ. ಬಂದಿದ್ದು ಈ ಕಡೆದು. ಇನ್ನ ಮ್ಯಾಲೆ ಈ ಕಡೆ ಬಂದು ಮಾತಾಡು." ಅವ್ವ ಅಳುತ್ತ ಅಡುಗೆಮನೆಗೆ ಹೋದಳು. ಅತ್ತ ಕಡೆಯಿಂದ ಪಾತ್ರೆಗಳ ಸದ್ದು ಬಂತು. ಅಪ್ಪ ಅದನ್ನು ಕೇಳುತ್ತ ಜಗುಲಿಯ ಮೇಲೆ ಕೂತ.

ಪಾವಗಡದ ಸಂಬಂಧ ಕೂಡಿಬರಲಿಲ್ಲ. ಅದಕ್ಕೆ ಕಿವಿ ಕಾರಣವೋ ಬೇರೆ ಏನೋ, ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಪ್ಪ ಇನ್ನೂ ಬಹಳ ವರ್ಷ ಕುರಿ ಕಾದ. ಆದರೆ ದೊಡ್ಡ ರೋಡಿನ ಆಚೆಯ ಹೊಲಗಳನ್ನು ಒಪ್ಪಿಕೊಳ್ಳುವುದು ಬಿಟ್ಟ. ಸದ್ದು ಯಾವ ದಿಕ್ಕಿನಿಂದ ಬರುತ್ತದೆ ಅನ್ನುವುದು ಒಂದೇ ಕಿವಿಯವನಿಗೆ ತಿಳಿಯುವುದಿಲ್ಲವಂತೆ. ತೋಳ ಅಂತ ಕೂಗಿದರೆ ಸುತ್ತಲೂ ತಿರುಗಿ ನೋಡಬೇಕು. ಎಣ್ಣೆ ನೀರಿನ ದಿನ ಅವ್ವ ಅವನ ಕಿವಿಗೆ ಹತ್ತಿ ತುರುಕಿ, ತಾನೇ ಕೂತು ತಲೆಗೆ ನೀರು ಹಾಕುತ್ತಿದ್ದಳು. ಬಲಗಿವಿ ಒಂಚೂರು ಮಂದವಾಯಿತು ಅನ್ನಿಸಿದರೂ ಸಾಕು, ಅಪ್ಪ ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿ ಶಿರಾಕ್ಕೆ ಹೋಗಿಬಿಡುತ್ತಿದ್ದ. ಒಮ್ಮೊಮ್ಮೆ ಡಾಕ್ಟರು ನೋಡಿ, ಏನೂ ಇಲ್ಲ, ಬರೀ ನಿನ್ನ ಹೆದರಿಕೆ ಅಂತ ವಾಪಸು ಕಳಿಸುತ್ತಿದ್ದರಂತೆ. ಅಂಥ ದಿನ ಮಾತ್ರ ಅಪ್ಪ ಶಿರಾದಿಂದ ಬರುವಾಗ ಒಂದು ಪೊಟ್ಟಣ ಖಾರ ಬೂಂದಿ ತರುತ್ತಿದ್ದ.